ಗಬ್ಬದ ದನವನ್ನು ಬಿಟ್ಟು ಓಡಬೇಡ

ಉಡುಪಿ

ಪ್ರೀತಿಯ ತಮ್ಮಾ,

ಬಸಿರಲ್ಲಿ ತಾಯಿಗೆ ಆಗುವ ಒತ್ತಡ ಮರಿಯ ರೋಗ ತಡೆಯುವ ಶಕ್ತಿಗೆ ಏನು ಮಾಡುತ್ತದೆ ಅನ್ನುವ ನಿನ್ನ ಲೇಖನ ಓದಿದೆ. ವಿಷಯ ಒಳ್ಳೆಯದೇ. ಆದರೆ ಒಂದೇ ಪ್ಯಾರಾದಲ್ಲಿ ಇಲಿ, ಹಂದಿ, ಮಂಗ, ದನ ಎಲ್ಲ ಬಂದು, ಕೊನೆಗೆ "ಗರ್ಭಿಣಿಯರೇ, ಟೆನ್ಶನ್ ಮಾಡಬೇಡಿ" ಅಂತ ಮುಗಿಸಿದ್ದೀಯಲ್ಲ, ಯಾಕೆ ಮಾರಾಯ? ಮೊದಲೇ ತಲೆಬಿಸಿಯಲ್ಲಿರುವ ಹೆಂಗಸಿಗೆ ಅದು ಇನ್ನೊಂದು ತಲೆಬಿಸಿ, ಅಷ್ಟೆ. ಆ ಸಾಲು ತೆಗಿ.

ದನವನ್ನೇ ಹಿಡಿದುಕೋ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು, ಮಾಸಿನ ಮೂಲಕ ಮಗುವಿಗೆ ಹೊಟ್ಟೆಯಲ್ಲೇ ಸಿಗುತ್ತವೆ. ದನದಲ್ಲಿ ಹಾಗಿಲ್ಲ. ಹುಟ್ಟುವ ಕರುವಿನ ರಕ್ತದಲ್ಲಿ ಅವು ಇಲ್ಲ ಅಂತಲೇ ಹೇಳಬಹುದು. ಗಿಣ್ಣುಹಾಲಿನಿಂದಲೇ ಬರಬೇಕು, ಅದೂ ಬೇಗ. ಕರುವಿನ ಕರುಳು ಅವನ್ನು ಒಳಗೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ. ಮೊದಲ ಕೆಲವು ಗಂಟೆ ಜಾಸ್ತಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಇದನ್ನು ಓದುಗನಿಗೆ ತಿಳಿಸದೆ ಮುಂದೆ ಹೋಗಬೇಡ.

ಈಗ ಸೆಕೆಗೆ ಬಾ, ದನಕ್ಕೆ ಅದೂ ಒಂದು ಒತ್ತಡವೇ. ಅಮೆರಿಕದ ಫ್ಲೋರಿಡಾದಲ್ಲಿ ಹಾಲು ಬತ್ತಿಸಿದ ಗಬ್ಬದ ದನಗಳಲ್ಲಿ ಕೆಲವಕ್ಕೆ ಫ್ಯಾನು, ನೀರಿನ ಸಿಂಪಡಣೆ ಕೊಟ್ಟರು. ಉಳಿದವಕ್ಕೆ ನೆರಳು ಮಾತ್ರ. ಸೆಕೆ ತಿಂದ ದನಗಳ ಕರುಗಳ ತೂಕ ಕಡಿಮೆ, ರಕ್ತದಲ್ಲಿ ಪ್ರತಿಕಾಯವೂ ಕಡಿಮೆ. ಗಿಣ್ಣೇ ಸರಿ ಇರಲಿಲ್ಲವೇ? ಎರಡೂ ಗುಂಪಿನ ಕರುಗಳಿಗೆ ಒಂದೇ ಗಿಣ್ಣು ಕುಡಿಸಿ ನೋಡಿದರು. ಆಗಲೂ ಹೊಟ್ಟೆಯಲ್ಲಿದ್ದಾಗ ಸೆಕೆ ತಿಂದ ಕರುಗಳು ಕಡಿಮೆಯೇ ಹೀರಿಕೊಂಡವು. ಸೆಕೆ ತಿಂದ ದನದ ಗಿಣ್ಣನ್ನು ಬೇರೆ ಕರುಗಳಿಗೆ ಕೊಟ್ಟಾಗ ಅಂಥ ತೊಂದರೆ ಕಾಣಲಿಲ್ಲ. ಅಂದರೆ ತೊಡಕು ಇದ್ದದ್ದು ಹಾಲಿನಲ್ಲಲ್ಲ, ಕರುವಿನಲ್ಲೇ. ಒಳ್ಳೇ ಪತ್ತೇದಾರಿ ಕಥೆಯ ಹಾಗಿದೆ, ಅಲ್ವಾ? ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬಗ್ಗೆ ಸುಮ್ನೆ ಎರಡು ಪ್ಯಾರಾ ಎಳೆದಿದ್ದೀಯ.

ಗಬ್ಬದ ಹಂದಿಗಳನ್ನು ಕೊನೆಯ ವಾರಗಳಲ್ಲಿ ಒತ್ತಡ ಕೊಡಲು ದಿನಾ 5 ನಿಮಿಷ ಕಟ್ಟಿಹಾಕಿದ ಪ್ರಯೋಗಕ್ಕೆ ಒಂದು ವಾಕ್ಯ ಸಾಕು. ಮಂಗ ಬೇರೆ ಲೇಖನಕ್ಕಿರಲಿ.

ಇನ್ನೊಂದು. ಫ್ಲೋರಿಡಾದ್ದು ಹೋಲ್‌ಸ್ಟೀನ್ ದನ. ನಮ್ಮಲ್ಲಿ ಜೆರ್ಸಿ ಮಿಶ್ರತಳಿ, ಮಲೆನಾಡು ಗಿಡ್ಡ ಎಲ್ಲ ಇವೆ. ಹಾಗಾಗಿ "ನಮ್ಮ ಕರುಗಳಿಗೂ ಹೀಗೇ ಆಗುತ್ತಿದೆ" ಅಂತ ಬರೆಯಬೇಡ. ಬದಲಿಗೆ ಬಂಟ್ವಾಳ, ಕಾರ್ಕಳ ಕಡೆ ನಾಲ್ಕು ಹಟ್ಟಿಗೆ ಹೋಗು. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಅಡಿ ಸ್ವಲ್ಪ ಹೊತ್ತು ನಿಲ್ಲು. ಕರು ಹಾಕಿದ ಮೇಲೆ ಗಿಣ್ಣು ಎಷ್ಟು ಹೊತ್ತಿಗೆ ಕುಡಿಸುತ್ತಾರೆ, ಕೇಳು. ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಅನ್ನುವವರು ಸಿಕ್ಕರೆ ವಾದ ಮಾಡಬೇಡ, ಬರೆದುಕೋ. ಬರೆದದ್ದನ್ನು ದನದ ಡಾಕ್ಟರರಿಗೆ ತೋರಿಸಿ, ಆಮೇಲೆ ನನಗೆ ಕಳಿಸು.

ನಿನ್ನ,
ಅಣ್ಣ