ನದಿಗೆ ಮರಿ ಬಿಡುವ ಮುನ್ನ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ಸಾದರ ನಮಸ್ಕಾರಗಳು.

ಕಾವೇರಿಗೂ ಅದರ ಉಪನದಿಗಳಿಗೂ ಮೀನುಮರಿ ಬಿಡುವ ವಿಷಯದಲ್ಲಿ ತಮ್ಮಲ್ಲಿ ಒಂದು ಕೋರಿಕೆಯಿದೆ. ಅದಕ್ಕೆ ಮೊದಲು ಸುಂದರಲಾಲ್ ಹೋರಾ ಎಂಬ ವಿಜ್ಞಾನಿಯ ಕೆಲಸವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ.

1896ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಹೋರಾ ಅವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಸೇರಿ, 1947ರಿಂದ 1955ರಲ್ಲಿ ತೀರಿಕೊಳ್ಳುವವರೆಗೂ ಅದರ ನಿರ್ದೇಶಕರಾಗಿದ್ದರು. ಸೀಸೆಯಲ್ಲಿಟ್ಟ ಮೀನಿಗೆ ಹೆಸರು ಕೊಟ್ಟು ಸುಮ್ಮನಾಗದೆ, ಆ ಮೀನು ಬದುಕುವ ನೀರಿನ ಸೆಳೆತವೇನು, ತಳದ ಕಲ್ಲು ಎಂಥದ್ದು ಎಂದು ಅವರು ಕೇಳಿದರು. ಗಾರ್ರಾ ಎಂಬ ಬೆರಳುದ್ದದ ಮೀನನ್ನು ಅಂಗೈಯಲ್ಲಿ ಮಗುಚಿ ನೋಡಿದರೆ ಬಾಯಿಯ ಹಿಂದೆ ಮಾಂಸಲವಾದ ಸಣ್ಣದೊಂದು ಬಿಲ್ಲೆ ಕಾಣುತ್ತದೆ. ಹರಿವಿನಲ್ಲಿ ಕೊಚ್ಚಿಹೋಗದೆ ಬಂಡೆಗೆ ಕಚ್ಚಿಕೊಳ್ಳುವುದು ಅದರಿಂದಲೇ. 1920ರಲ್ಲಿ ಅವರು ಹೆಸರಿಟ್ಟ ಭವಾನಿಯಾ ಕುಲದ ಮೀನುಗಳಲ್ಲಿ ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳೇ ಅಗಲವಾಗಿ ಹರಡಿ ಈ ಕೆಲಸ ಮಾಡುತ್ತವೆ. 1930ರಲ್ಲಿ ಪ್ರಕಟವಾದ ಅವರ ದೊಡ್ಡ ಪ್ರಬಂಧ ಇಂಥ ಅಂಗಗಳನ್ನೇ ಕುರಿತದ್ದು. ಅದನ್ನು ಓದಿದವರಿಗೆ, ಹರಿಯುವ ಹೊಳೆಯನ್ನು ನಿಂತ ನೀರಾಗಿಸಿದರೆ ಯಾವ ಮೀನು ಮೊದಲು ಹೋಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಪಶ್ಚಿಮ ಘಟ್ಟದ ಕೆಲವು ಮೀನುಗಳು ಪೂರ್ವ ಹಿಮಾಲಯದ ಮತ್ತು ಮಲಯ ಪರ್ಯಾಯ ದ್ವೀಪದ ಮೀನುಗಳನ್ನು ಹೋಲುವುದೇಕೆ ಎಂಬುದಕ್ಕೆ ಅವರು ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲನ್ನು ದಾರಿಯಾಗಿ ಊಹಿಸಿದರು. ಆ ಊಹೆಯನ್ನು ಈಗ ಹಲವರು ಒಪ್ಪುವುದಿಲ್ಲ, ಅದು ಇರಲಿ. ನಮಗೆ ಇನ್ನಷ್ಟು ಹತ್ತಿರದ ಸಂಗತಿಯೆಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದ ಭಾಗವನ್ನು ಹೋರಾ ಅವರು ಒಬ್ಬ ಮೀನುತಜ್ಞನ ಕಣ್ಣಿನಿಂದ ಓದಿ, 1951ರಲ್ಲಿ ಅದರ ಬಗ್ಗೆ ಬರೆದರು. ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂದು ನಮ್ಮ ನೆಲದ ಅರಸನೊಬ್ಬ ಬರೆಸಿಟ್ಟಿದ್ದ. ಆ ಕಲ್ಯಾಣ ಇರುವ ಬೀದರ್ ಜಿಲ್ಲೆಯಲ್ಲೇ ಇಂದು ನಮ್ಮ ಪಶುವೈದ್ಯಕೀಯ, ಪ್ರಾಣಿ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯವಿದೆ.

ಈಗ ಕಾವೇರಿಯ ಮಾತು. ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಾಶೀರ್ ಮೀನು ಈ ನದಿಯ ಮೂಲನಿವಾಸಿ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ 120 ಪೌಂಡಿನ ಮೀನಿನ ಮಾತು ಇಂದಿಗೂ ನಡೆಯುತ್ತದೆ. ಇಷ್ಟು ಹೆಸರಾದ ಮೀನಿನ ವೈಜ್ಞಾನಿಕ ಗುರುತು ಖಚಿತವಾದದ್ದು ಮಾತ್ರ 2018ರಲ್ಲಿ, ಕಾವೇರಿ ಕಣಿವೆಯ ಮೋಯಾರ್ ಹೊಳೆಯಲ್ಲಿ ಸಿಕ್ಕ ಮಾದರಿಗಳಿಂದ. ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ತಿಳಿಯುವ ಹೊತ್ತಿಗೆ ಅಳಿವಿನ ಅಂಚಿಗೆ ಬಂದಿತ್ತು. ಅಷ್ಟರೊಳಗೆ, ಮಾಶೀರ್ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಮಹಾರಾಷ್ಟ್ರದ ಲೋನಾವಳಾದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಬೇರೊಂದು ಮಾಶೀರನ್ನು ಕಾವೇರಿಗೆ ಬಿಡಲಾಗಿತ್ತು. ಗಾಳದವರು 1998ರಿಂದ 2012ರವರೆಗೆ ಹಿಡಿದು ಮರಳಿ ನೀರಿಗೆ ಬಿಟ್ಟ ಮೀನುಗಳ ದಾಖಲೆಯನ್ನು ಸಂಶೋಧಕರು ಬಿಡಿಸಿ ನೋಡಿದಾಗ, ಗಾಳಕ್ಕೆ ಬೀಳುವ ಮೀನುಗಳ ಒಟ್ಟು ಸಂಖ್ಯೆ ಏರುತ್ತಾ ಹೋಗಿದ್ದರೂ ಏರಿದ್ದು ನೀಲಿ ರೆಕ್ಕೆಯದು, ಗೂನು ಬೆನ್ನಿನದು ಇಳಿಯುತ್ತಿತ್ತು ಎಂಬುದು ಗೊತ್ತಾಯಿತು. ಬರಿಯ ಒಟ್ಟು ಲೆಕ್ಕ ನೋಡುವವರಿಗೆ ನದಿ ಸುಭಿಕ್ಷವಾಗಿಯೇ ಕಂಡಿರಬೇಕು. ಎಷ್ಟು ಲಕ್ಷ ಮರಿ ಬಿಟ್ಟೆವು ಎಂಬುದನ್ನೇ ಸಾಧನೆಯಾಗಿ ತೋರಿಸುವ ವರದಿಗಳ ಬಗ್ಗೆ ನನಗಿರುವ ತಕರಾರು ಇದೇ.

ಕೆರೆ, ಜಲಾಶಯಗಳಲ್ಲಿ ಕಾಟ್ಲಾ, ರೋಹು ಸಾಕಿ ಬದುಕುವ ಕುಟುಂಬಗಳಿಗೆ ತೊಂದರೆಯಾಗಲಿ ಎಂದು ನಾನು ಹೇಳುತ್ತಿಲ್ಲ. ಹರಿಯುವ ನದಿಗೆ ಮಾತ್ರ, ಅಲ್ಲಿ ಯಾವ ಪ್ರಭೇದಗಳಿವೆ ಎಂದು ಮೀನು ಪರಿಸರ ತಜ್ಞರೊಬ್ಬರು ಬರೆದುಕೊಡದ ಹೊರತು ಒಂದು ಮರಿಯನ್ನೂ ಬಿಡದಂತೆ ಆದೇಶವಾಗಲಿ. ಆ ತಜ್ಞರ ಹುದ್ದೆಯೂ ವರ್ಷಕ್ಕೊಮ್ಮೆ ಮುಗಿಯುವ ಗುತ್ತಿಗೆಯದಾಗದೆ, ಒಂದೇ ನದಿಯನ್ನು ಹತ್ತಾರು ವರ್ಷ ನೋಡುತ್ತಾ ಇರಬಲ್ಲ ಕಾಯಂ ಹುದ್ದೆಯಾಗಬೇಕು. ಸ್ವತಃ ಹೋರಾ ಅವರೇ 1940ರ ದಶಕದಲ್ಲಿ ಬಂಗಾಳದ ಮೀನುಗಾರಿಕೆ ನಿರ್ದೇಶಕರಾಗಿದ್ದರು. ಸಂಶೋಧಕನಿಗೆ ಇಲಾಖೆಯೊಳಗೆ ಜಾಗವಿಲ್ಲ ಎಂಬ ವಾದಕ್ಕೆ ಆಧಾರವಿಲ್ಲ. ಇಂಥ ಹುದ್ದೆಯನ್ನು ಮೊದಲು ಕಾವೇರಿ ಕಣಿವೆಯಲ್ಲಿ ಸೃಷ್ಟಿಸಿ, ಬಲೆ ಬೀಸುವವರು ದಿನವೂ ಕಾಣುವ ಮೀನುಗಳ ವಿವರವನ್ನು ಅವರಿಂದಲೇ ಬರೆಸಿಕೊಳ್ಳುವ, ಅದಕ್ಕೆ ಸಂಭಾವನೆಯನ್ನೂ ಕೊಡುವ ವ್ಯವಸ್ಥೆಯನ್ನು ಮುಂದಿನ ಬಜೆಟ್ಟಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ