ಸಾಹಸ ಆಟಗಳ ಮರುರೂಪ: ಬೆರಳಿನ ಕಷ್ಟವನ್ನೂ ನೋಡಿ

ಮಾನ್ಯರೇ,

1990ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಹೊರತಂದ ‘ದ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ನಂತಹ ಕಂಪ್ಯೂಟರ್ ಸಾಹಸ ಆಟಗಳನ್ನು ಮೊಬೈಲ್‌ಗೆ ಮರುರೂಪಿಸುವವರು ಚಿತ್ರಗಳ ಹೊಳಪಿಗೆ ಕೊಡುವಷ್ಟೇ ಗಮನವನ್ನು ಬೆರಳಿನ ಬಳಕೆಗೂ ಕೊಡಬೇಕೆಂಬುದು ನನ್ನ ಆಗ್ರಹ. ಮೂಲ ಆಟದಲ್ಲಿ ಮೌಸ್‌ನ ಗುರುತನ್ನು ಪರದೆಯ ಮೇಲೆ ಸುಮ್ಮನೆ ಓಡಾಡಿಸಿದರೆ ಸಾಕು, ಎಲ್ಲಿ ಯಾವ ವಸ್ತುವಿದೆ ಎಂಬುದು ಹೆಸರು ಸಮೇತ ಕಾಣುತ್ತಿತ್ತು. ಹುಡುಕಾಟದ ಅರ್ಧ ಸುಖ ಅಲ್ಲೇ ಇತ್ತು. ಸ್ಪರ್ಶಪರದೆಯಲ್ಲಿ ಆ ಸೌಲಭ್ಯವಿಲ್ಲ, ಮೇಲಾಗಿ 320×200 ಚುಕ್ಕೆಗಳ ಚಿತ್ರದಲ್ಲಿ ಅಡಗಿಸಿಟ್ಟ ಪುಟ್ಟ ವಸ್ತುವನ್ನು ಬೆರಳೇ ಮುಚ್ಚಿಬಿಡುತ್ತದೆ. ಹಾಗೆಂದು ಮುಟ್ಟಬಹುದಾದ ಜಾಗಗಳನ್ನೆಲ್ಲ ಸದಾ ಮಿನುಗಿಸಿದರೆ ಒಗಟೇ ಉಳಿಯುವುದಿಲ್ಲ. ಬೆರಳನ್ನು ಒತ್ತಿಹಿಡಿದು ಜಾರಿಸಿದಾಗ ಮಾತ್ರ, ಬೆರಳಿಗಿಂತ ತುಸು ಮೇಲೆ, ವಸ್ತುವಿನ ಹೆಸರು ತೋರುವಂತೆ ಮಾಡುವುದು ಒಳ್ಳೆಯದು. ಸುಳಿವು ಆಟಗಾರರು ಕೇಳಿದಾಗಲಷ್ಟೇ ಬರಲಿ.

ಇದೇ ಆಟದ 2009ರ ಮರು ಆವೃತ್ತಿಯಲ್ಲಿ ಹಳೆಯ ಮತ್ತು ಹೊಸ ಚಿತ್ರಗಳನ್ನು ಆಟದ ನಡುವೆಯೇ ಬದಲಾಯಿಸಿಕೊಳ್ಳಬಹುದಿತ್ತು. ಮೂಲ ಕಲಾವಿದರಿಗೆ ಸಲ್ಲಿಸಿದ ಆ ಗೌರವ ಉಳಿದವರಿಗೂ ಮಾದರಿಯಾಗಬೇಕು. ಬಾಳಿಕೆಯ ಪ್ರಶ್ನೆಯೂ ಇದೆ. 2017ರಲ್ಲಿ ಐಫೋನ್‌ಗಳ ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿ ಐಒಎಸ್ 11 ಬಂದಾಗ, ಪರಿಷ್ಕರಿಸದೆ ಬಿಟ್ಟಿದ್ದ ಹಳೆಯ ಮಾದರಿಯ (32 ಬಿಟ್) ಆ್ಯಪ್‌ಗಳು ತೆರೆಯದಾದವು; ಹಣ ಕೊಟ್ಟು ಕೊಂಡ ಆಟಗಳೂ ಅವುಗಳಲ್ಲಿ ಸೇರಿದ್ದವು. ಆದ್ದರಿಂದ ಮುಂದೆ ಎಷ್ಟು ವರ್ಷ ಆಟವನ್ನು ಪರಿಷ್ಕರಿಸುತ್ತೇವೆಂಬುದನ್ನು ಸಂಸ್ಥೆಗಳು ಬಿಡುಗಡೆಯ ದಿನವೇ ಖರೀದಿದಾರರಿಗೆ ಲಿಖಿತವಾಗಿ ತಿಳಿಸಬೇಕು.

– ಒಬ್ಬ ಓದುಗ