ರಾತ್ರಿ ಹಂಚಿಕೊಂಡವರಿಗೆ

ಹೋದ ವಾರ ಅತ್ತೆಯವರ ವರ್ಷಾಂತಿಕ ಮುಗಿಯಿತು. ಊಟ ಮುಗಿಸಿ ಹೊರಟವರಲ್ಲಿ ಎಷ್ಟೋ ಜನ "ಎಷ್ಟು ಸೊರಗಿದ್ದೆ, ಈಗ ಲಕ್ಷಣವಾಗಿದ್ದೀಯ. ಗಟ್ಟಿಗಿತ್ತಿ ಕಣೇ ನೀನು" ಎಂದು ಹೇಳಿಹೋದರು. ತಾಂಬೂಲ ಕೊಡುವ ಗಡಿಬಿಡಿಯಲ್ಲಿ ಉತ್ತರ ಕೊಡಲು ಆಗಲಿಲ್ಲ. ಆ ಗಟ್ಟಿತನ ಯಾರ್‍ಯಾರದು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಅತ್ತೆಗೆ ಇದ್ದದ್ದು ಮರೆವಿನ ಕಾಯಿಲೆ, ಡಿಮೆನ್ಶಿಯಾ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡರ ಹೊತ್ತಿಗೆ ಎದ್ದು, ಎಂದೋ ಮಾರಿದ ಹಸುವನ್ನು ಹುಡುಕಿಕೊಂಡು ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದರು. "ಗೌರಿ ಇನ್ನೂ ಬಂದಿಲ್ಲ, ಬಾಗಿಲು ತೆಗಿ" ಅಂತ ಚಿಲಕ ಎಳೆಯುತ್ತಿದ್ದರು. ಯಜಮಾನರದು ಊರೂರು ಸುತ್ತುವ ಕೆಲಸ, ಮನೆಯಲ್ಲಿ ನಾನೊಬ್ಬಳೇ. ಬರಬರುತ್ತಾ ಚಿಲಕದ ಸದ್ದು ಕೇಳಿದರೆ ಸಾಕು, ಹೊಟ್ಟೆ ಕಿವುಚಿಕೊಂಡು ಬರುತ್ತಿತ್ತು. ಕಾಲೇಜಿನಲ್ಲಿ ಯಾರಾದರೂ ಲ್ಯಾಬಿನ ಬಾಗಿಲಿಗೆ ಚಿಲಕ ಹಾಕಿದರೂ ಅದೇ ಪಾಡು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದಾಯಿತು, ಜೀರಿಗೆ ಕಷಾಯ ಕುಡಿದಿದ್ದಾಯಿತು. ಅಷ್ಟರಲ್ಲಿ ಬೆನ್ನಿನಿಂದ ಪಕ್ಕೆಯವರೆಗೆ ಬೆಂಕಿ ಇಟ್ಟ ಹಾಗೆ ಉರಿ ಶುರುವಾಗಿ, ಸಾಲಾಗಿ ನೀರುಗುಳ್ಳೆ ಎದ್ದವು. ಸರ್ಪಸುತ್ತು.

ಮೊದಲ ನಮಸ್ಕಾರ ನಮ್ಮ ಬೀದಿ ಕೊನೆಯ ಮೆಡಿಕಲ್ ಸ್ಟೋರಿನ ಹುಡುಗನಿಗೆ. ತಲೆ ಬಾಲ ಕೂಡುವುದರೊಳಗೆ ಕೆಮ್ಮಣ್ಣು ಹಚ್ಚಿಸಬೇಕು ಎಂದು ಮನೆಯಲ್ಲಿ ಮಾತು ನಡೆಯುತ್ತಿತ್ತು. ಉರಿಗೆ ಏನಾದರೂ ಕ್ರೀಮ್ ಕೊಡಪ್ಪ ಎಂದರೆ ಅವನು "ಕೊಡಲ್ಲ ಮೇಡಂ. ಇವತ್ತೇ ಡಾಕ್ಟರಿಗೆ ತೋರಿಸಿ, ನಾಳೆ ಅನ್ನಬೇಡಿ" ಎಂದ. ಅವನ ಮಾತು ಸರಿಯಾಗಿತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಅದರ ಪ್ರಯೋಜನ ಹೆಚ್ಚು. ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದು ಹೋದ ಮೇಲೂ ಆ ವೈರಸ್ಸು ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ಮೈಯ ಕಾವಲು ಸಡಿಲವಾದಾಗ ಎದ್ದು ಬರುತ್ತದೆ.

ಕಾವಲು ಯಾಕೆ ಸಡಿಲವಾಯಿತು ಎಂದು ಕೇಳಿದವರು ನಮ್ಮ ಡಾಕ್ಟರಮ್ಮ. ಮಲದಲ್ಲಿ ರಕ್ತ ಹೋಗುತ್ತದೆಯೇ, ತೂಕ ಇಳಿದಿದೆಯೇ ಎಂದು ವಿಚಾರಿಸಿ, ರಕ್ತ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿ, ಬೇರೆ ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಹೊಟ್ಟೆಯದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಸುಲಭವಾಗಿ ಕೆರಳುವ ತೊಂದರೆ) ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ನಿಮ್ಮ ಜೊತೆ ಇನ್ಯಾರು ಎದ್ದಿರ್ತಾರೆ?" ಯಾರೂ ಇಲ್ಲ ಎಂದೆ. ಚೀಟಿಯಲ್ಲಿ ಮಾತ್ರೆಗಳಿಗಿಂತ ಮೇಲೆ, ಒಂದನೇ ಸಾಲಿನಲ್ಲಿ, "ವಾರಕ್ಕೆ ಮೂರು ರಾತ್ರಿ ಬೇರೆಯವರು" ಎಂದು ಬರೆದರು. ಆ ಚೀಟಿ ಇವತ್ತಿಗೂ ಬೀರುವಿನಲ್ಲಿದೆ.

ನಾನು ಪಾಠ ಮಾಡುವುದೇ ಜೀವಶಾಸ್ತ್ರ. ಒತ್ತಡ ಮೈಗೆ ಏನು ಮಾಡುತ್ತದೆ ಎಂದು ಅಧ್ಯಯನ ಮಾಡಿದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಮಾಂಟ್ರಿಯಲ್‌ನಿಂದ ಬರೆದ ಇಲಿಗಳ ಕಥೆಯನ್ನು ಮಕ್ಕಳಿಗೆ ಹೇಳಿದ್ದೇನೆ. ಚಳಿ, ಗಾಯ, ದಣಿವು, ಯಾವ ಹಿಂಸೆ ಕೊಟ್ಟರೂ ಇಲಿಯ ಮೈಯಲ್ಲಿ ಆದದ್ದು ಅದೇ ಮೂರು: ಒತ್ತಡದ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿ ಉಬ್ಬಿತು, ರೋಗನಿರೋಧಕ ಕಣಗಳನ್ನು ತಯಾರು ಮಾಡುವ ಥೈಮಸ್ ಕುಗ್ಗಿತು, ಜಠರ-ಕರುಳಿನಲ್ಲಿ ಹುಣ್ಣಾಯಿತು. (ಮನುಷ್ಯರ ಅಲ್ಸರಿಗೆ ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ ಕಾರಣ. ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಬೇಡಿ.) ಕರುಳಿನ ಒಳಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ಅದರ ಬೆನ್ನಿಗೇ ಮೈಯ ರೋಗನಿರೋಧಕ ಕಣಗಳ ದೊಡ್ಡ ಪಡೆಯೊಂದು ಕಾವಲು ನಿಂತಿರುತ್ತದೆ. ಒತ್ತಡ ದಿನಗಟ್ಟಲೆ ಮುಂದುವರಿದರೆ ಆ ಪದರದ ಬೆಸುಗೆ ಸಡಿಲವಾಗಬಹುದು. ಬ್ಯಾಕ್ಟೀರಿಯಾದ ಚೂರುಪಾರು ಒಳಗೆ ನುಸುಳಿ ಕಾವಲಿನವರು ಕೆರಳುತ್ತಾರೆ, ಆ ಸುದ್ದಿ ವೇಗಸ್ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಆ ನರದ ಎಳೆಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವೇ.

ಇದೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಅಮೆರಿಕದ ಓಹಾಯೋದ ಸಂಶೋಧಕಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1995ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಆ ಹೊಣೆ ಇಲ್ಲದ ಇನ್ನು 13 ಮಂದಿ. ಎಲ್ಲರ ಮುಂಗೈ ಮೇಲೂ 3.5 ಮಿಲಿಮೀಟರಿನ ಗಾಯ ಮಾಡಿ, ಮಾಯುವುದಕ್ಕೆ ಎಷ್ಟು ದಿನ ಬೇಕು ಎಂದು ನೋಡಿದರು. ಆರೈಕೆ ಮಾಡುವವರಿಗೆ ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಅವರಲ್ಲಿ ಗಟ್ಟಿಗಿತ್ತಿಯರು ಇರಲಿಲ್ಲವೇ? ಇದ್ದೇ ಇರುತ್ತಾರೆ. ಓದಿ ಮುಗಿಸಿದವಳೇ ಬೆಂಗಳೂರಿಗೆ, ನಾದಿನಿಗೆ ಫೋನ್ ಮಾಡಿದೆ.

ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಅಲ್ಲಿಂದ ಪ್ರತಿ ಶುಕ್ರವಾರ ಆಫೀಸು ಮುಗಿಸಿ ರೈಲು ಹತ್ತಿ ತಿಪಟೂರಿಗೆ ಬರುತ್ತಿದ್ದಳು. ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಅತ್ತೆ ಎದ್ದು ಬಂದರೆ, "ಗೌರಿ ಬಂದಳಮ್ಮ, ಹುಲ್ಲು ಹಾಕಿದ್ದೀನಿ, ಕಟ್ಟಿದ್ದೀನಿ, ಮಲಕ್ಕೋ" ಎನ್ನುತ್ತಿದ್ದಳು. ಅತ್ತೆ ಒಂದು ಗಳಿಗೆ ನಿಂತು, "ನೀರು ಇಟ್ಟೆಯಾ?" ಎಂದು ಕೇಳಿ ಹೋಗಿ ಮಲಗುವರು. ಒಳಕೋಣೆಯಲ್ಲಿ ನನಗೆ ಬೆಳಗಿನವರೆಗೂ ನಿದ್ದೆ. ಮೂರನೆಯ ರಾತ್ರಿಯನ್ನು ಯಜಮಾನರು ವಹಿಸಿಕೊಂಡರು. ಆ ಒಂದು ದಿನ ಟೂರ್ ಬೇಡವೆಂದು ಆಫೀಸಿನಲ್ಲಿ ಜಗಳವಾಡಿಯೇ ಗಿಟ್ಟಿಸಿಕೊಂಡದ್ದು.

ಎದುರುಮನೆ ಅಕ್ಕನಿಗೆ ಏನು ಹೇಳಲಿ! ಮಧ್ಯಾಹ್ನಕ್ಕೆ ಹೆಸರುಬೇಳೆ ಹಾಕಿದ ಮೆತ್ತಗಿನ ಅನ್ನ, ಒಗ್ಗರಣೆ ಮಜ್ಜಿಗೆ, ಆಗಾಗ ರಾಗಿ ಅಂಬಲಿ ಡಬ್ಬಿಯಲ್ಲಿ ಬರುತ್ತಿದ್ದವು. ಅವರೆಕಾಳಿನ ಕಾಲದಲ್ಲಿ ಡಾಕ್ಟರಮ್ಮ ಅವರೆ ಮುಟ್ಟಬೇಡಿ ಎಂದಿದ್ದರು. ಸೊಗಡವರೆ ಘಮ ಬೀದಿಗೆಲ್ಲ ಹಬ್ಬುವಾಗ ಅದೇನು ಶಿಕ್ಷೆ ಎಂದು ನಮ್ಮ ಕಡೆಯವರಿಗೇ ಗೊತ್ತು. ಆ ದಿನಗಳಲ್ಲಿ ಅಕ್ಕ ತಮ್ಮ ಮನೆಯಲ್ಲೂ ಹಿತಕಿದ ಬೇಳೆ ಸಾರು ಮಾಡಲಿಲ್ಲ ಎಂದು ಅವರ ಮಗನಿಂದ ಆಮೇಲೆ ತಿಳಿಯಿತು. ಮಜ್ಜಿಗೆ ಕುಡಿದರೆ ಸರ್ವರೋಗವೂ ಮಾಯ ಎಂಬ ವಾಟ್ಸಾಪ್ ಪಂಡಿತರ ಮಾತನ್ನು ನಾನು ನಂಬುವುದಿಲ್ಲ. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ 36 ಮಂದಿಯನ್ನು ಎರಡು ಗುಂಪು ಮಾಡಿ 10 ವಾರ ನೋಡಿದಾಗ, ಹುದುಗಿಸಿದ ಪದಾರ್ಥ ಹೆಚ್ಚು ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ಉರಿಯೂತದ ಹಲವು ಗುರುತುಗಳು ರಕ್ತದಲ್ಲಿ ಇಳಿದಿದ್ದವು. ಅಕ್ಕನ ಮಜ್ಜಿಗೆಗೆ ಅಷ್ಟು ಮರ್ಯಾದೆ ಸಲ್ಲಲಿ.

ಮೊದಲ ಪೀರಿಯಡ್ ತಾವು ತೆಗೆದುಕೊಂಡು ನನಗೆ ಮೂರನೆಯದು ಬಿಟ್ಟುಕೊಟ್ಟ ಸಹೋದ್ಯೋಗಿಗಳಿಗೆ, ಟೈಮ್‌ಟೇಬಲ್ ತಿದ್ದಿದ ಪ್ರಿನ್ಸಿಪಾಲರಿಗೆ ನಮಸ್ಕಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಒಂದು ಸರಿಹೊತ್ತಿನಲ್ಲಿ ಕರೆ ಮಾಡಿದ್ದೆ. ಆ ಕಡೆಯಿಂದ ಕನ್ನಡದಲ್ಲೇ, "ನೀವು ಊಟ ಮಾಡಿದ್ರಾ ಅಮ್ಮ?" ಎಂದು ಮಾತು ಶುರು ಮಾಡಿದ ಆ ಹೆಣ್ಣುಮಗಳ ಮುಖ ನಾನು ನೋಡಿಲ್ಲ. ಅವರಿಗೂ.

ಹೊಟ್ಟೆ ಪೂರ್ತಿ ಸರಿಹೋಗಿಲ್ಲ. ಉತ್ತರಪತ್ರಿಕೆ ಮೌಲ್ಯಮಾಪನದ ದಿನಗಳಲ್ಲಿ ಮತ್ತೆ ಕಿವುಚುತ್ತದೆ. ಹೀಗೆ ಬಂದು ಹೋಗುತ್ತಿರುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಪಕ್ಕೆಯ ಉರಿ ಮಾತ್ರ ಹೋಯಿತು. ಈ ಸಲ ಅವರೆಕಾಳೂ ತಿಂದೆ, ಸ್ವಲ್ಪವೇ.

ಕೊನೆಗೊಂದು ವಿಷಯ. ನಮ್ಮ ಅಡುಗೆಮನೆಯಲ್ಲಿ ಬೇರೆ ಬೇರೆ ಮನೆಗಳ ಹೆಸರು ಕೆತ್ತಿಸಿರುವ ಸ್ಟೀಲ್ ಡಬ್ಬಿಗಳು ಇನ್ನೂ ಉಳಿದಿವೆ, ಒಂದೆರಡಕ್ಕೆ ಹೆಸರೇ ಇಲ್ಲ. ಯಾರದೆಂದು ತಿಳಿಸಿ. ಭಾನುವಾರ ನಾನೇ ತಂದುಕೊಡುತ್ತೇನೆ, ಖಾಲಿ ಡಬ್ಬಿ ತರುವುದಿಲ್ಲ.